ಕಾಲೇಜು ವಿದ್ಯಾರ್ಥಿಗಳಿಗೆ ತೋಟಗಾರಿಕೆ ಉದ್ಯಮ ಪರಿಚಯಿಸುವುದು ಹೇಗೆ: ಒಂದು ಬೆಳೆ, ಒಂದು ಸೆಮಿಸ್ಟರ್

ಇದು ಸಾಮಾನ್ಯ ಡಿಗ್ರಿ ಕಾಲೇಜಿನ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಬರೆದದ್ದು. ಬಿಎಸ್ಸಿ, ಬಿಕಾಂ, ಬಿಎ, ಬಿಸಿಎ ಓದುವ ಮಕ್ಕಳು ನಿಮ್ಮ ಮುಂದೆ ಕೂತಿದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ಅಡಿಕೆಯೋ ತೆಂಗೋ ಟೊಮೆಟೊವೋ ಇರುತ್ತದೆ. ಆದರೂ ತೋಟಗಾರಿಕೆಯಲ್ಲಿ ಏನು ಕೆಲಸ ಸಿಗುತ್ತದೆ ಅಂತ ಕೇಳಿ ನೋಡಿ. ಒಂದಿಬ್ಬರು ಇಲಾಖೆಯ ಸರ್ಕಾರಿ ಕೆಲಸ ಅನ್ನುತ್ತಾರೆ, ಇನ್ನೊಬ್ಬರು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ದೇಶದಲ್ಲಿ ವರ್ಷಕ್ಕೆ ಸುಮಾರು 35 ಕೋಟಿ ಟನ್ ಹಣ್ಣು, ತರಕಾರಿ, ಹೂವು, ಸಾಂಬಾರ, ತೋಟದ ಬೆಳೆ ಬರುತ್ತದೆ. 2012-13ರಿಂದ ಈಚೆಗೆ ಇದು ಆಹಾರ ಧಾನ್ಯದ ಉತ್ಪಾದನೆಗಿಂತ ಜಾಸ್ತಿ. ಇಷ್ಟನ್ನು ಬೀಜ ಮಾಡುವವರು, ಸಸಿ ಬೆಳೆಸುವವರು, ಹರಾಜು ಕೂಗುವವರು, ತಂಪಾಗಿಡುವವರು, ಪರೀಕ್ಷೆ ಮಾಡುವವರು, ಕಾಗದಪತ್ರ ಬರೆದು ವಿಮಾನಕ್ಕೆ ಹತ್ತಿಸುವವರು ಎಲ್ಲರೂ ಯಾರೋ ಒಬ್ಬರ ಹತ್ತಿರ ಸಂಬಳ ತಗೊಳ್ಳುವವರೇ. ಮಕ್ಕಳಿಗೆ ಇವರು ಕಂಡೇ ಇಲ್ಲ.

ನಾನು ಗಟ್ಟಿಯಾಗಿ ಹೇಳುವುದು ಒಂದೇ ಮಾತು. ಇಡೀ ತೋಟಗಾರಿಕೆಯನ್ನು ಪರಿಚಯಿಸಲು ಹೋಗಬೇಡಿ. ನಿಮ್ಮ ಜಿಲ್ಲೆಯ ಒಂದೇ ಬೆಳೆ ಹಿಡಿಯಿರಿ, ಅದು ತಿನ್ನುವವರ ಕೈಗೆ ಬರುವ ದಾರಿಯನ್ನು ಪೂರ್ತಿ ನಡೆಸಿ. ಉದ್ಯೋಗಗಳು ಆ ದಾರಿಯಲ್ಲೇ ಸಿಗುತ್ತವೆ. "ತೋಟಗಾರಿಕೆಯಲ್ಲಿ ಉದ್ಯೋಗಾವಕಾಶಗಳು" ಅಂತ ಸ್ಲೈಡ್ ಹಾಕಿ ಒಂದು ಗಂಟೆ ಮಾತಾಡಿದರೆ ಮರುದಿನಕ್ಕೆ ಒಂದೂ ನೆನಪಿರುವುದಿಲ್ಲ.

ಹೆಜ್ಜೆ 1: ಬೆಳೆ ಆರಿಸಿ

ಕಾಲೇಜಿನಿಂದ ಒಂದೂವರೆ ಗಂಟೆ ಬಸ್ ದಾರಿಯೊಳಗೆ ಮಾರುಕಟ್ಟೆ ಇರುವ ಬೆಳೆ ಆರಿಸಿ. ಇದೊಂದೇ ನಿಯಮ.

ಕೋಲಾರ, ಚಿಕ್ಕಬಳ್ಳಾಪುರದವರು ಟೊಮೆಟೊ ಹಿಡಿಯಿರಿ, ಇಲ್ಲವೇ ಹೂವು. ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಇದೆ, ಜೊತೆಗೆ ತರಕಾರಿ ಬೀಜೋತ್ಪಾದನೆಯೂ ಇದೆ. ಶಿರಸಿ, ಸಾಗರ, ತೀರ್ಥಹಳ್ಳಿಯವರಿಗೆ ಅಡಿಕೆ ಬಿಟ್ಟು ಬೇರೆ ಯೋಚನೆಯೇ ಬೇಡ. ತಿಪಟೂರಿಗೆ ಕೊಬ್ಬರಿ, ವಿಜಯಪುರಕ್ಕೆ ದ್ರಾಕ್ಷಿ ಮತ್ತು ಒಣದ್ರಾಕ್ಷಿ, ಕೊಪ್ಪಳ, ಬಾಗಲಕೋಟೆಗೆ ದಾಳಿಂಬೆ, ಶ್ರೀನಿವಾಸಪುರಕ್ಕೆ ಮಾವು, ಕೊಡಗು, ಚಿಕ್ಕಮಗಳೂರಿಗೆ ಕಾಫಿ, ಕಾಳುಮೆಣಸು. ಉಡುಪಿಯವರು ಶಂಕರಪುರ ಮಲ್ಲಿಗೆ ಹಿಡಿದರೆ ಬಹಳ ಚೆನ್ನಾಗಿರುತ್ತದೆ. ಅಟ್ಟೆಗೆ (ಕಟ್ಟಿದ ಹೂವಿನ ಅಳತೆ) ಇಂತಿಷ್ಟು ಅಂತ ದಿನಾ ದರ ನಿಗದಿಯಾಗುತ್ತದೆ, ಹೂವು ಮುಂಬೈವರೆಗೂ ಹೋಗುತ್ತದೆ, ಇಡೀ ಸರಪಳಿ ಒಂದೇ ಊರಲ್ಲಿ ಕಣ್ಣಿಗೆ ಬೀಳುತ್ತದೆ.

ಬೆಂಗಳೂರಿನ ಕಾಲೇಜುಗಳಿಗೆ ಗುಲಾಬಿ ಹೇಳುತ್ತೇನೆ. ದೊಡ್ಡಬಳ್ಳಾಪುರ, ಆನೇಕಲ್ ಕಡೆ ಪಾಲಿಹೌಸ್‌ಗಳಿವೆ (ಪ್ಲಾಸ್ಟಿಕ್ ಹೊದಿಕೆಯ ಬೆಳೆಮನೆಗಳು), ಹೆಬ್ಬಾಳದಲ್ಲಿ ಹೂವಿನ ಹರಾಜು ಕೇಂದ್ರವಿದೆ, ಕೆಂಪೇಗೌಡ ವಿಮಾನ ನಿಲ್ದಾಣದಿಂದ ಪ್ರೇಮಿಗಳ ದಿನಕ್ಕೆ ಮುಂಚೆ ಹೊರದೇಶಕ್ಕೆ ಗುಲಾಬಿ ಹೋಗುತ್ತದೆ.

ಹಂಗಾಮು ನೋಡಿಕೊಂಡು ಸೆಮಿಸ್ಟರ್ ಆರಿಸಿ. ಕೋಲಾರದ ಟೊಮೆಟೊ ಮಾರುಕಟ್ಟೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿರುತ್ತದೆ. ಬ್ಯಾಡಗಿ ನೋಡಬೇಕಾದರೆ ಜನವರಿಯಿಂದ ಮಾರ್ಚ್, ಅದೂ ಸೋಮವಾರ ಅಥವಾ ಗುರುವಾರ. ಹಂಗಾಮು ಮುಗಿದ ಮೇಲೆ ಖಾಲಿ ಪ್ರಾಂಗಣ ತೋರಿಸಿದರೆ ಏನೂ ಪ್ರಯೋಜನವಿಲ್ಲ.

ಮುಂದಿನ ಹೆಜ್ಜೆಗಳಿಗೆ ನಾನು ಟೊಮೆಟೊ ಇಟ್ಟುಕೊಳ್ಳುತ್ತೇನೆ. ನಿಮ್ಮ ಬೆಳೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಹೆಜ್ಜೆ 2: ಹೊರಡುವ ಮುಂಚೆ ಒಂದು ಲೆಕ್ಕ

ಬಸ್ಸು ಹತ್ತಿಸುವ ಮುಂಚೆ ಒಂದು ವಾರದ ಮನೆಕೆಲಸ ಕೊಡಿ. ಮಕ್ಕಳನ್ನು ಗುಂಪು ಮಾಡಿ, ಪ್ರತಿ ಗುಂಪು ಒಂದೇ ದಿನ ನಾಲ್ಕು ಕಡೆ ಟೊಮೆಟೊ ಬೆಲೆ ಬರೆದು ತರಲಿ. ತಳ್ಳುಗಾಡಿ, ಹಾಪ್‌ಕಾಮ್ಸ್ (ತೋಟಗಾರರ ಸಹಕಾರಿ ಮಳಿಗೆ) ಅಥವಾ ಸಂತೆ, ಸೂಪರ್ ಮಾರ್ಕೆಟ್, ಮತ್ತು ಅಗ್‌ಮಾರ್ಕ್‌ನೆಟ್ ವೆಬ್‌ಸೈಟಿನಲ್ಲಿ ಸಿಗುವ ಎಪಿಎಂಸಿ ಸಗಟು ದರ. ಬೋರ್ಡಿನ ಮೇಲೆ ನಾಲ್ಕನ್ನೂ ಬರೆಸಿ. ನಡುವಿನ ಅಂತರ ಯಾರ ಜೇಬಿಗೆ ಹೋಯಿತು ಅಂತ ಕೇಳಿ.

ಇಡೀ ಕ್ಲಾಸು "ದಲ್ಲಾಳಿ" ಅಂತ ಕೂಗುತ್ತದೆ. ಕೂಗಲಿ. ಆಮೇಲೆ ಒಂದೊಂದೇ ಕೇಳುತ್ತಾ ಹೋಗಿ: ಕೀಳುವ ಕೂಲಿ ಯಾರು ಕೊಟ್ಟರು, ಬಾಕ್ಸ್ ಬಾಡಿಗೆ ಯಾರದ್ದು, ಲಾರಿ, ಹಮಾಲಿ, ದಾರಿಯಲ್ಲಿ ಜಜ್ಜಿಹೋದದ್ದು, ಅಂಗಡಿ ಬಾಡಿಗೆ, ಸಂಜೆಗೆ ಉಳಿದು ಕೊಳೆತದ್ದು. ಪ್ರತಿ ಖರ್ಚಿನ ಹಿಂದೆ ಒಂದು ಕೆಲಸವಿದೆ ಅಂತ ಇಲ್ಲೇ ಅವರಿಗೆ ಹೊಳೆಯಲು ಶುರುವಾಗುತ್ತದೆ. ಬಿಕಾಂ ಮಕ್ಕಳು ಈ ಹಂತದಲ್ಲೇ ಎಚ್ಚರವಾಗುತ್ತಾರೆ, ನೋಡುತ್ತಿರಿ.

ಬೆಲೆ ಏರಿಳಿತ ತೋರಿಸಲು 2023 ಒಳ್ಳೆಯ ಉದಾಹರಣೆ. ಆ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ದರ ಕುಸಿದು ಬಿದ್ದಿತ್ತು. ಸಸಿ ನೆಟ್ಟ ಎರಡು, ಎರಡೂವರೆ ತಿಂಗಳಿಗೆ ಕೊಯ್ಲು ಶುರುವಾಗುವ ಬೆಳೆ ಇದು. ದರ ನೋಡಿ ಎಲ್ಲರೂ ಒಟ್ಟಿಗೆ ನೆಟ್ಟರೆ ಎಲ್ಲರದ್ದೂ ಒಟ್ಟಿಗೆ ಬರುತ್ತದೆ. ಇದನ್ನು ಅಂಕಿಅಂಶ ಹಿಡಿದು ಮುಂಚಿತವಾಗಿ ಹೇಳಬಲ್ಲವರಿಗೆ ದೊಡ್ಡ ಖರೀದಿ ಕಂಪನಿಗಳಲ್ಲಿ ಕೆಲಸವಿದೆ. ಬಿಸಿಎ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಹೆಜ್ಜೆ 3: ಮೊದಲು ಮಾರುಕಟ್ಟೆ, ಆಮೇಲೆ ಹೊಲ

ಬಹಳ ಕಾಲೇಜುಗಳು ಉಲ್ಟಾ ಮಾಡುತ್ತವೆ. ಮೊದಲು ಯಾವುದೋ ಮಾದರಿ ತೋಟಕ್ಕೆ ಕರೆದೊಯ್ದು ಫೋಟೋ ತೆಗೆಸಿ ವಾಪಸ್ ಬರುತ್ತವೆ. ಹಳ್ಳಿ ಮಕ್ಕಳಿಗೆ ತೋಟ ಹೊಸದಲ್ಲ, ಪೇಟೆ ಮಕ್ಕಳಿಗೆ ಅದು ಪಿಕ್ನಿಕ್. ಮಾರುಕಟ್ಟೆ ಇಬ್ಬರಿಗೂ ಹೊಸದು. ಒಂದು ಪದಾರ್ಥ ದುಡ್ಡಾಗುವ ಕ್ಷಣ ಅಲ್ಲೇ ಕಾಣುವುದು.

ಎಪಿಎಂಸಿ ಕಾರ್ಯದರ್ಶಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮುಂಚಿತವಾಗಿ ಪತ್ರ ಕೊಡಿ. ದಿನಾಂಕ, ಎಷ್ಟು ಮಂದಿ, ಯಾವ ಹೊತ್ತು ಎಲ್ಲ ಬರೆಯಿರಿ. ಪತ್ರ ಕೊಟ್ಟ ಮೇಲೆ ಹೋಗಿ ಒಬ್ಬ ಮಂಡಿ ಮಾಲೀಕರನ್ನು ಖುದ್ದಾಗಿ ಮಾತಾಡಿಸಿ ಬನ್ನಿ, ಯಾಕೆಂದರೆ ಆ ದಿನ ಮಕ್ಕಳಿಗೆ ನಿಜವಾಗಿ ವಿವರಿಸುವವರು ಅವರೇ. ದೊಡ್ಡ ಗುಂಪು ಬೇಡ. ಹದಿನೈದು, ಇಪ್ಪತ್ತು ಮಂದಿ ಸಾಕು. ತಲೆ ಮೇಲೆ ಬಾಕ್ಸ್ ಹೊತ್ತು ಓಡುವ ಹಮಾಲಿಗಳ ದಾರಿಗೆ ಅಡ್ಡ ನಿಲ್ಲಬಾರದು ಅಂತ ಮೊದಲೇ ಹೇಳಿ. ನೆಲ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿಸಿ. ಹುಡುಗಿಯರಿಗೆ ಶೌಚಾಲಯ ಎಲ್ಲಿದೆ ಅಂತ ನೀವು ಮುಂಚೆಯೇ ಹೋಗಿ ನೋಡಿಕೊಂಡು ಬನ್ನಿ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಇದೊಂದರಿಂದಲೇ ಎಷ್ಟೋ ಹುಡುಗಿಯರು ಇಂಥ ಭೇಟಿ ತಪ್ಪಿಸಿಕೊಳ್ಳುತ್ತಾರೆ.

ಅಲ್ಲಿ ಮಕ್ಕಳ ಕೈಗೆ ನೋಟ್‌ಬುಕ್ ಇರಲಿ, ಪ್ರತಿ ಜೋಡಿಗೆ ಒಂದು ಕೆಲಸ ಇರಲಿ. ಒಬ್ಬರು ಒಂದು ಲಾಟಿನ ಹಿಂದೆ ಬೀಳಲಿ: ಯಾವ ಊರಿಂದ ಬಂತು, ಎಷ್ಟಕ್ಕೆ ಹರಾಜಾಯಿತು, ಯಾವ ರಾಜ್ಯಕ್ಕೆ ಹೋಯಿತು. ಇನ್ನೊಬ್ಬರು ಗ್ರೇಡಿಂಗ್ ನೋಡಲಿ, ಹಸಿರು ಮಿಶ್ರಿತ ಗಟ್ಟಿ ಕಾಯಿ ದೂರದ ಲೋಡಿಗೆ ಯಾಕೆ, ಕೆಂಪು ಹಣ್ಣು ಹತ್ತಿರದ ಪೇಟೆಗೆ ಯಾಕೆ ಅಂತ ಕೇಳಲಿ. ಮತ್ತೊಬ್ಬರು ಮಾರಾಟದ ನಂತರ ರೈತನ ಕೈಗೆ ಸಿಗುವ ಲೆಕ್ಕದ ಪಟ್ಟಿಯನ್ನು ಕೇಳಿ ನೋಡಲಿ. ಅದರಲ್ಲಿ ಯಾವ ಯಾವ ಕಡಿತ ಇದೆ, ಕಮಿಷನ್ ಖರೀದಿದಾರನಿಂದ ಹಿಡಿದಿದ್ದಾರೋ ರೈತನಿಂದಲೋ, ಬರೆದುಕೊಳ್ಳಲಿ. ರೈತ ಒಪ್ಪಿದರೆ ಮಾತ್ರ ಫೋಟೋ.

ಹೆಬ್ಬಾಳದ ಹೂವಿನ ಹರಾಜಿಗೆ ಹೋದರೆ ಬೇರೆಯದೇ ರೀತಿ. ಅಲ್ಲಿ ದರ ಮೇಲಿನಿಂದ ಕೆಳಗೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಹೂವು. ಬ್ಯಾಡಗಿಯಲ್ಲಿ ಕೂಗಾಟವಿಲ್ಲ, ಟೆಂಡರು. ಅಲ್ಲಿ ಕಾಯಿಯ ಬಣ್ಣಕ್ಕೆ ಬೆಲೆ, ಖಾರಕ್ಕಲ್ಲ, ಯಾಕೆಂದರೆ ಕಾಯಿಯಿಂದ ಬಣ್ಣದ ಸಾರ (ಓಲಿಯೋರೆಸಿನ್) ತೆಗೆಯುವ ಕಾರ್ಖಾನೆಗಳು ದೊಡ್ಡ ಗಿರಾಕಿಗಳು. ಶಿರಸಿಯಲ್ಲಿ ಮಕ್ಕಳು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳನ್ನು ಕೈಯಲ್ಲಿ ಹಿಡಿದು ನೋಡಿ ಬೇರೆ ಮಾಡಲು ಕಲಿಯಲಿ. ಅಲ್ಲಿನ ತೋಟಗಾರ್ಸ್ ಸೊಸೈಟಿ 1923ರಲ್ಲಿ ಶುರುವಾದದ್ದು. ಬೆಳೆಗಾರರೇ ಕಟ್ಟಿದ ಸಂಸ್ಥೆ ಎಷ್ಟು ಜನರಿಗೆ ಕೆಲಸ ಕೊಡಬಲ್ಲದು ಅಂತ ಕಣ್ಣಾರೆ ಕಾಣಲಿ.

ವಾಪಸ್ ಬರುವಾಗ ಬಸ್ಸಿನಲ್ಲೇ ಒಂದು ಪಟ್ಟಿ ಮಾಡಿಸಿ: ಇವತ್ತು ಎಷ್ಟು ಬಗೆಯ ಕೆಲಸದವರನ್ನು ಕಂಡಿರಿ?

ಹೆಜ್ಜೆ 4: ನರ್ಸರಿ ಮತ್ತು ಬೀಜ

ಈ ಭಾಗಕ್ಕೆ ಒಂದು ಪೂರ್ತಿ ದಿನ ಕೊಡಿ. ಓದಿದ ಮಕ್ಕಳಿಗೆ ಕೆಲಸ ಜಾಸ್ತಿ ಇರುವುದು ಇಲ್ಲಿ.

ಈಗ ಟೊಮೆಟೊ ರೈತರಲ್ಲಿ ಹೆಚ್ಚಿನವರು ಸಸಿಮಡಿ ಮಾಡುವುದಿಲ್ಲ, ನರ್ಸರಿಯಿಂದ ಸಸಿ ತರುತ್ತಾರೆ. ನೆರಳು ಪರದೆಯ ಕೆಳಗೆ ಪ್ರೋಟ್ರೇ ಅನ್ನುವ ಪ್ಲಾಸ್ಟಿಕ್ ತಟ್ಟೆ, ಅದರ ಗುಳಿಗಳಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗುಳಿಗೊಂದು ಬೀಜ, 25 ದಿನದ ಸುಮಾರಿಗೆ ಸಸಿ ತಯಾರು. ನೋಡಲು ಸುಲಭ. ನಡೆಸಲು ಸುಲಭವಲ್ಲ. ಯಾವ ತಳಿ ಯಾವ ವಾರ ಬಿತ್ತಬೇಕು, ರೈತ ಮುಂಗಡ ಕೊಟ್ಟು ಸಸಿ ಎತ್ತದಿದ್ದರೆ ಏನು ಮಾಡಬೇಕು, ಒಂದು ಟ್ರೇಯಲ್ಲಿ ಬಂದ ರೋಗ ಪಕ್ಕದ ಸಾಲಿಗೆ ಹೋಗದಂತೆ ಹೇಗೆ ತಡೆಯಬೇಕು, ಇದನ್ನೆಲ್ಲ ಮಾಲೀಕರ ಬಾಯಲ್ಲೇ ಕೇಳಿಸಿ. ಮಕ್ಕಳೂ ಒಂದೊಂದು ಟ್ರೇ ತುಂಬಿ ಬಿತ್ತಲಿ. ಮಾವಿನ ನರ್ಸರಿಯಾದರೆ ಮಳೆಗಾಲದಲ್ಲಿ ಹೋಗಿ, ಕಸಿ ಕಟ್ಟುವವರ ಪಕ್ಕ ಕೂರಿಸಿ. ಒಳ್ಳೆ ಕಸಿಗಾರರಿಗೆ ಹಂಗಾಮಿನಲ್ಲಿ ಎಷ್ಟು ಬೇಡಿಕೆ ಅಂತ ಅಲ್ಲಿ ಗೊತ್ತಾಗುತ್ತದೆ.

ಬೀಜದ ಕಥೆ ಇನ್ನೂ ದೊಡ್ಡದು. ಹಾವೇರಿ, ಕೊಪ್ಪಳ, ಗದಗ ಕಡೆ ಹೈಬ್ರಿಡ್ ತರಕಾರಿ ಬೀಜವನ್ನು ಕೈಯಿಂದಲೇ ಮಾಡುತ್ತಾರೆ. ಅರಳುವ ಮುಂಚಿನ ಮೊಗ್ಗಿನಿಂದ ಗಂಡು ಭಾಗವನ್ನು ಚಿಮಟದಿಂದ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಹೀಗೆ. ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದ್ದು. ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಮಾರುವ ಬೀಜಕ್ಕೆ ಆ ಬೆಲೆ ಯಾಕೆ ಅಂತ ಇದನ್ನು ನೋಡಿದ ಮೇಲೆ ಹೇಳಬೇಕಾಗಿಲ್ಲ. ಆ ಹೊಲಗಳನ್ನು ನೋಡಿಕೊಳ್ಳುವ ಪ್ರೊಡಕ್ಷನ್ ಸೂಪರ್‌ವೈಸರ್, ಮೊಳಕೆ ಮತ್ತು ಶುದ್ಧತೆ ಪರೀಕ್ಷೆ ಮಾಡುವ ಲ್ಯಾಬ್‌ನವರು, ಊರೂರು ತಿರುಗಿ ತಳಿ ಪರಿಚಯಿಸುವ ಮಾರಾಟದವರು, ಎಲ್ಲರೂ ಬೀಜ ಕಂಪನಿಯ ನೌಕರರು. ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಬೆಂಗಳೂರಿನಲ್ಲಿ 1965ರಲ್ಲೇ ಶುರುವಾಯಿತು. ನಮ್ಮ ರಾಜ್ಯಕ್ಕೆ ಇದು ಹಳೆಯ ಉದ್ಯಮ.

ಬಾಳೆ ಆರಿಸಿದವರು ಅಂಗಾಂಶ ಕೃಷಿ (ಟಿಶ್ಯೂ ಕಲ್ಚರ್, ಗಿಡದ ಸಣ್ಣ ಚೂರಿನಿಂದ ಸಸಿ ಬೆಳೆಸುವುದು) ಪ್ರಯೋಗಾಲಯಕ್ಕೆ ಹೋಗಿ. ಸಸ್ಯಶಾಸ್ತ್ರ, ಬಯೋಟೆಕ್ ಓದಿದವರಿಗೆ ತಮ್ಮ ಪಠ್ಯ ಅಲ್ಲಿ ಜೀವಂತವಾಗಿ ಕಾಣುತ್ತದೆ.

ಹೆಜ್ಜೆ 5: ಹೊಲ

ಅರ್ಧ ದಿನ ಸಾಕು. ಒಬ್ಬ ರೈತರ ಹೊಲ, ಜೊತೆಗೆ ಸಾಧ್ಯವಾದರೆ ದೊಣ್ಣೆಮೆಣಸಿನಕಾಯಿಯ ಒಂದು ಪಾಲಿಹೌಸ್. ಹನಿ ನೀರಾವರಿ, ಮಣ್ಣು ಮುಚ್ಚುವ ಮಲ್ಚಿಂಗ್ ಶೀಟು, ಗೂಟ ಕಟ್ಟುವುದು, ಔಷಧಿ ಸಿಂಪಡಣೆ ನೋಡಲಿ. ಎಕರೆಗೆ ಆದ ಖರ್ಚನ್ನು ರೈತರು ಹೇಳುತ್ತಾ ಹೋದಂತೆ ಮಕ್ಕಳು ಬರೆದು ಕೂಡಲಿ. ರೈತರ ಅರ್ಧ ದಿನ ಹಾಳಾಗುತ್ತದೆ, ಅದಕ್ಕೆ ಗೌರವಧನ ಕೊಡಿ. ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಕೊಡಿ. ಅವರು ಹೇಳಿಕೊಡುವುದೂ ಪಾಠವೇ ಅಲ್ವಾ?

ಹೆಜ್ಜೆ 6: ಕೊಯ್ದ ಮೇಲೆ

ಹಣ್ಣು ಕಿತ್ತ ಮೇಲೂ ಉಸಿರಾಡುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ ಹಾಳಾಗುತ್ತದೆ. ಕೋಲ್ಡ್ ಸ್ಟೋರೇಜ್, ತಂಪಾಗಿಟ್ಟು ಸಾಗಿಸುವ ರೀಫರ್ ಲಾರಿ, ಪ್ಯಾಕ್‌ಹೌಸ್ ಎಲ್ಲ ಇದಕ್ಕಾಗಿ ಇರುವುದು. ಬಾಳೆ, ಮಾವು ಮಾಗಿಸುವ ಕೋಣೆಗೆ ಕರೆದೊಯ್ಯಿರಿ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ನಿಷೇಧಿಸಲಾಗಿದೆ, ಎಥಿಲೀನ್ ಅನಿಲವನ್ನು 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 100 ಭಾಗ) ಮಿತಿಯೊಳಗೆ ಬಳಸಬಹುದು. ರಸಾಯನಶಾಸ್ತ್ರದ ಮಕ್ಕಳು ಇಲ್ಲಿ ಪ್ರಶ್ನೆ ಕೇಳಲಿ.

ರಫ್ತಿನ ದಾರಿ ತೋರಿಸಲು ಮಿಡಿಸೌತೆ ಬಹಳ ಒಳ್ಳೆಯದು. ಗರ್ಕಿನ್ ಅಂತ ಕರೆಯುವ ಈ ಬೆಳೆ ನಮ್ಮಲ್ಲಿ 1990ರ ದಶಕದ ಆರಂಭದಲ್ಲಿ ಬಂತು, ಬೆಳೆದದ್ದು ಹೆಚ್ಚುಕಡಿಮೆ ಪೂರ್ತಿ ಹೊರದೇಶಕ್ಕೆ ಹೋಗುತ್ತದೆ. ಒಪ್ಪಂದದ ಕೃಷಿ, ಗಾತ್ರದ ಪ್ರಕಾರ ವಿಂಗಡಣೆ, ಕೀಟನಾಶಕದ ಉಳಿಕೆ ಪರೀಕ್ಷೆ, ಸಸ್ಯ ಆರೋಗ್ಯ ಪ್ರಮಾಣಪತ್ರ, ಹಡಗಿನ ಕಾಗದಪತ್ರ. ಇಷ್ಟರಲ್ಲಿ ಕೃಷಿ ಓದಿದವರು ಮಾಡುವ ಕೆಲಸ ಒಂದೋ ಎರಡೋ. ಉಳಿದದ್ದು ನಿಮ್ಮ ಮುಂದೆ ಕೂತಿರುವ ಮಕ್ಕಳು ಮಾಡಬಹುದಾದದ್ದು.

ಹೆಜ್ಜೆ 7: ಸಂಸ್ಥೆಗಳಿಗೆ ಕೊನೆಯಲ್ಲಿ ಹೋಗಿ

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 1967ರಿಂದ ಇದೆ. ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಅಲ್ಲಿಯದೇ. ಮಾರುಕಟ್ಟೆ, ನರ್ಸರಿ, ಹೊಲ ನೋಡಿ ಬಂದ ಮಕ್ಕಳು ಅಲ್ಲಿಗೆ ಹೋದರೆ "ಈ ತಳಿಗೆ ಮಾರುಕಟ್ಟೆಯಲ್ಲಿ ಬೆಲೆ ಹೇಗಿದೆ" ಅಂತ ವಿಜ್ಞಾನಿಗಳನ್ನೇ ಕೇಳುತ್ತಾರೆ. ಮೊದಲೇ ಹೋದರೆ ಸುಮ್ನೆ ತಲೆಯಾಡಿಸಿ ಬರುತ್ತಾರೆ. ಅಲ್ಲಿನ ತೋಟಗಾರಿಕೆ ಮೇಳದ ದಿನವೇ ಹೋದರೆ ಕಂಪನಿಗಳೂ ಒಂದೇ ಕಡೆ ಸಿಗುತ್ತವೆ.

ಉತ್ತರ ಕರ್ನಾಟಕದವರಿಗೆ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಮೈಸೂರಿನವರಿಗೆ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ಪುತ್ತೂರಿನವರಿಗೆ ಗೇರು ಸಂಶೋಧನಾ ನಿರ್ದೇಶನಾಲಯ, ಮಲೆನಾಡಿನವರಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ. ಲಾಲ್‌ಬಾಗ್‌ಗೆ ಹೋದರೆ ರಾಜ್ಯದ ತೋಟಗಾರಿಕೆ ಇಲಾಖೆಯನ್ನು ಮುನ್ನಡೆಸಿದ ಡಾ. ಎಂ.ಎಚ್. ಮರಿಗೌಡರ ಬಗ್ಗೆ ಹತ್ತು ನಿಮಿಷ ಹೇಳಿ. ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಫಾರಂ, ನರ್ಸರಿ ಕಟ್ಟಿದವರು ಅವರು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಹಿಂದೆಯೂ ಅವರಿದ್ದರು.

ಹೆಜ್ಜೆ 8: ಯಾರಿಗೆ ಯಾವ ಕೆಲಸ ಅಂತ ನೇರವಾಗಿ ಹೇಳಿ

ಇಲ್ಲಿ ಮಕ್ಕಳಿಗೆ ಆಸೆ ತೋರಿಸಿ ಮೋಸ ಮಾಡಬಾರದು. ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆಗೆ ಕೆಪಿಎಸ್‌ಸಿ ಕೇಳುವುದು ತೋಟಗಾರಿಕೆ ಪದವಿಯನ್ನು. ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ಕೃಷಿ, ತೋಟಗಾರಿಕೆಯಂಥ ನಾಲ್ಕು ವರ್ಷದ ಪದವಿ ಬೇಕು. ಮೂರು ವರ್ಷದ ಸಾಮಾನ್ಯ ಬಿಎಸ್ಸಿಯಿಂದ ಅಲ್ಲಿಗೆ ದಾರಿಯಿಲ್ಲ. ಇದನ್ನು ಮೊದಲ ದಿನವೇ ಹೇಳಿ. ಮನೆಯಲ್ಲಿ ಪಿಯುಸಿ ಓದುವ ತಮ್ಮ, ತಂಗಿ ಇದ್ದರೆ ಸಿಇಟಿ ಮೂಲಕ ತೋಟಗಾರಿಕೆ ಪದವಿ ಇದೆ, ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ ಅಂತಲೂ ಹೇಳಿ.

ಉಳಿದ ದಾರಿಗಳು ಕಡಿಮೆಯೇನಿಲ್ಲ. ಸಸ್ಯಶಾಸ್ತ್ರ, ಬಯೋಟೆಕ್‌ನವರಿಗೆ ಅಂಗಾಂಶ ಕೃಷಿ ಲ್ಯಾಬ್, ಬೀಜ ಪರೀಕ್ಷೆ, ಟ್ರೈಕೋಡರ್ಮಾದಂಥ (ಬೆಳೆಯ ರೋಗ ತಡೆಯುವ ಶಿಲೀಂಧ್ರ) ಜೈವಿಕ ಉತ್ಪನ್ನ ತಯಾರಿಸುವ ಘಟಕ, ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್ ಹುದ್ದೆ. ರಸಾಯನಶಾಸ್ತ್ರದವರಿಗೆ ಉಳಿಕೆ ಪರೀಕ್ಷೆಯ ಲ್ಯಾಬ್, ಮಣ್ಣು, ನೀರು ಪರೀಕ್ಷೆ, ಆಹಾರ ಸಂಸ್ಕರಣೆ. ಊರಲ್ಲೇ ಗೊಬ್ಬರ, ಔಷಧಿ ಅಂಗಡಿ ಇಡಬೇಕು ಅನ್ನುವವರಿಗೆ ಒಂದು ಉಪಯುಕ್ತ ವಿಷಯ: ಕೀಟನಾಶಕ ಮಾರಾಟದ ಪರವಾನಗಿಗೆ ಕೃಷಿ ಪದವಿಯವರಷ್ಟೇ ಅಲ್ಲ, ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿದವರೂ ಅರ್ಹರು.

ಬಿಕಾಂ, ಬಿಬಿಎಯವರಿಗೆ ರೈತ ಉತ್ಪಾದಕ ಕಂಪನಿಗಳಿವೆ, ಅಂದರೆ ರೈತರೇ ಷೇರುದಾರರಾಗಿರುವ ಕಂಪನಿಗಳು. 2020ರಲ್ಲಿ ಕೇಂದ್ರ ಸರ್ಕಾರ 10,000 ಇಂಥ ಕಂಪನಿಗಳ ಯೋಜನೆ ತಂದಿತು, ಸಿಇಒ ಮತ್ತು ಲೆಕ್ಕಿಗರ ಸಂಬಳಕ್ಕೆ ಆರಂಭದ ವರ್ಷಗಳಲ್ಲಿ ನೆರವೂ ಇಟ್ಟಿತು. ಸಂಬಳ ಶುರುವಿನಲ್ಲಿ ಕಮ್ಮಿಯೇ. ಆದರೆ ಇಡೀ ವ್ಯವಹಾರ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಿಎಯವರಲ್ಲಿ ಚೆನ್ನಾಗಿ ಕನ್ನಡ ಬರೆಯುವವರು, ಮಾತಾಡುವವರು ಬೀಜ ಮತ್ತು ಹನಿ ನೀರಾವರಿ ಕಂಪನಿಗಳಿಗೆ ಬೇಕು. ರೈತರಿಗೆ ಅರ್ಥವಾಗುವ ಕರಪತ್ರ, ವಿಡಿಯೋ ಮಾಡಬಲ್ಲವರು ಸಿಗುವುದು ಕಷ್ಟ.

ಸ್ವಂತ ಉದ್ಯಮದ ಆಸೆ ಇರುವವರಿಗೆ ನರ್ಸರಿ, ಅಪಾರ್ಟ್‌ಮೆಂಟ್ ಉದ್ಯಾನ ನಿರ್ವಹಣೆ, ಹಲಸು, ಮಾವು, ಬಾಳೆಯ ಸಣ್ಣ ಸಂಸ್ಕರಣೆ ಘಟಕ. ಘಟಕಕ್ಕೆ ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣೆ ಘಟಕಗಳ ಕೇಂದ್ರ ಯೋಜನೆ) ಅಡಿಯಲ್ಲಿ ಸಾಲಕ್ಕೆ ಜೋಡಿಸಿದ ಸಹಾಯಧನ ಇಟ್ಟಿದ್ದಾರೆ. ಕೇಂದ್ರದ 35 ಶೇಕಡ, ನಮ್ಮ ರಾಜ್ಯದ 15 ಶೇಕಡ ಸೇರಿ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿ. ರಾಜ್ಯದಲ್ಲಿ ಇದನ್ನು ಕೆಪೆಕ್ (ಕೃಷಿ ಉತ್ಪನ್ನಗಳ ಸಂಸ್ಕರಣೆ, ರಫ್ತಿನ ರಾಜ್ಯ ನಿಗಮ) ನೋಡಿಕೊಳ್ಳುತ್ತದೆ. ಅರ್ಜಿ ಹಾಕುವ ಮುಂಚೆ ಯೋಜನೆ ಈಗಲೂ ಇದೆಯೇ, ನಿಯಮ ಏನು ಅಂತ ಅಲ್ಲೇ ವಿಚಾರಿಸಲಿ. ಸಹಾಯಧನ ನೋಡಿ ಉದ್ಯಮ ಶುರು ಮಾಡಬಾರದು, ಗಿರಾಕಿ ನೋಡಿ ಶುರು ಮಾಡಬೇಕು ಅಂತ ಒತ್ತಿ ಹೇಳಿ.

ಹೆಜ್ಜೆ 9: ಒಂದು ತಿಂಗಳು ಕೆಲಸಕ್ಕೆ ಕಳಿಸಿ

ರಜೆಯಲ್ಲಿ ಆಸಕ್ತಿ ಇದ್ದವರನ್ನು ಮಾತ್ರ ಕಳಿಸಿ. ಎಲ್ಲರಿಗೂ ಕಡ್ಡಾಯ ಮಾಡಿದರೆ ನರ್ಸರಿಯವರು ಮುಂದಿನ ವರ್ಷ ಬಾಗಿಲು ಹಾಕುತ್ತಾರೆ. ಏನು ಕೆಲಸ, ಎಷ್ಟು ಗಂಟೆ, ಊಟ, ಪ್ರಯಾಣ ಯಾರದ್ದು, ಔಷಧಿ ಸಿಂಪಡಣೆಗೆ ಮಕ್ಕಳನ್ನು ಹಚ್ಚಬಾರದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಹಾಕಿಸಿ. ವಾರಕ್ಕೊಮ್ಮೆ ನೀವು ಫೋನ್ ಮಾಡಿ ವಿಚಾರಿಸಿ. ಹುಡುಗಿಯರನ್ನು ಇಬ್ಬರಾದರೂ ಜೊತೆಯಾಗಿ ಕಳಿಸಿ, ಸಂಜೆಯ ಕೊನೆ ಬಸ್ಸಿನ ಹೊತ್ತು ನೋಡಿಕೊಂಡು ಕೆಲಸದ ವೇಳೆ ನಿಗದಿ ಮಾಡಿ.

ಮನೆಯವರ ಜೊತೆಗೂ ಒಂದು ಸಲ ಕೂತು ಮಾತಾಡಬೇಕಾಗುತ್ತದೆ. "ಮಣ್ಣಿನ ಕೆಲಸ ಬೇಡ ಅಂತಾನೇ ಓದಿಸ್ತಿರೋದು ಸಾರ್" ಅನ್ನುವ ಅಪ್ಪಂದಿರು ಎಲ್ಲ ಊರಲ್ಲೂ ಇದ್ದಾರೆ. ಅವರ ಮಾತಿನ ಹಿಂದೆ ಸಾಲದ, ಬಿದ್ದ ಬೆಲೆಯ ಅನುಭವ ಇರುತ್ತದೆ. ವಾದ ಮಾಡಬೇಡಿ. ಲ್ಯಾಬಿನಲ್ಲಿ, ರಫ್ತು ಕಚೇರಿಯಲ್ಲಿ ತಿಂಗಳ ಸಂಬಳಕ್ಕೆ ಕೆಲಸ ಮಾಡುವ, ಅದೇ ಸೀಮೆಯ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕರೆಸಿ ಅವರ ಎದುರು ಮಾತಾಡಿಸಿ.

ಕೊನೆಗೆ, ಭೇಟಿ ಕೊಟ್ಟ ಜಾಗಗಳು, ಅಲ್ಲಿನ ಜನ, ಮಕ್ಕಳು ಮಾಡಿದ ಪಟ್ಟಿಗಳು, ಬೆಲೆ ಲೆಕ್ಕ ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದು ವಿಭಾಗದಲ್ಲೇ ಇಡಿ. ನಿಮಗೆ ವರ್ಗವಾದರೂ ನಂತರ ಬರುವವರು ಅಲ್ಲಿಂದ ಮುಂದುವರಿಸಬಹುದು. ಹೋದ ಕಡೆಗೆಲ್ಲ ವಿದ್ಯಾರ್ಥಿಗಳ ಕೈಯಲ್ಲೇ ಧನ್ಯವಾದದ ಪತ್ರ ಬರೆಸಿ ಕಳಿಸಿ, ಮಂಡಿಯವರಿಗೂ, ಹೊಲ ತೋರಿಸಿದ ರೈತರಿಗೂ. ಮುಂದಿನ ಬ್ಯಾಚಿನ ದಿನಾಂಕವನ್ನು ಅದೇ ಪತ್ರದಲ್ಲಿ ಕೇಳಿಬಿಡಿ.